ವಾರದ ಪದಾರ್ಥ, ಸೋಮವಾರದ ಫ್ರಿಜ್

ನಮ್ಮ ಮನೆಯಲ್ಲಿ ಬೆಳಗಾಗುವುದು ಒಂದು ಪ್ರಶ್ನೆಯಿಂದ. "ಇವತ್ತು ಎಂತ ಪದಾರ್ಥ?" ಸಾರಿರಲಿ, ಗಸಿಯಿರಲಿ, ಸುಕ್ಕವಿರಲಿ, ಅನ್ನದ ಜೊತೆಗೆ ಬಟ್ಟಲಿಗೆ ಬೀಳುವುದಕ್ಕೆಲ್ಲ ಮಂಗಳೂರಿನಲ್ಲಿ ಪದಾರ್ಥ ಎಂದೇ ಹೆಸರು. ಗಂಡ ಹಲ್ಲುಜ್ಜುತ್ತಾ ಕೇಳುತ್ತಾರೆ. ಪಿಯುಸಿ ಓದುವ ಮಗಳು ತಲೆ ಬಾಚುತ್ತಾ ಕೇಳುತ್ತಾಳೆ. ಅತ್ತೆ ಬಾಯಿಬಿಟ್ಟು ಕೇಳುವವರಲ್ಲ. ತೆಂಗಿನಕಾಯಿಯ ಕಡಿಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಾರೆ. ಉತ್ತರ ಹೇಳುವುದು ಮಾತ್ರ ಯಾವಾಗಲೂ ನಾನು. ಅಡುಗೆಯನ್ನು ಅತ್ತೆಯೂ ಮಾಡುತ್ತಾರೆ, ನಾನೂ ಮಾಡುತ್ತೇನೆ. ಆದರೆ ಬಸಳೆಯೋ ಅಲಸಂಡೆಯೋ, ಕಾಯಿ ಅರೆಯುವುದೋ ಬಿಡುವುದೋ, ಬೂತಾಯಿ ಮೀನು ತಂದರೆ ಹುರಿಯುವುದೋ ಹುಳಿಖಾರದ ಪುಳಿಮುಂಚಿ ಮಾಡುವುದೋ ಎಂಬ ತೀರ್ಪು ನನ್ನದು. ಮದುವೆಯಾಗಿ ಕೊಡಿಯಾಲ್‌ಬೈಲಿನ ಈ ಫ್ಲ್ಯಾಟಿಗೆ ಬಂದು ಹತ್ತೊಂಬತ್ತು ವರ್ಷ. ಅಷ್ಟೂ ವರ್ಷ ದಿನಕ್ಕೆರಡು ಸಲ ಈ ತೀರ್ಪು ಕೊಟ್ಟಿದ್ದೇನೆ. ನ್ಯಾಯಾಧೀಶರಿಗಾದರೂ ಬೇಸಿಗೆ ರಜೆ ಉಂಟು.

ಇದೆಲ್ಲ ಸಹಿಸಿಕೊಂಡೇ ಇರುತ್ತಿದ್ದೆನೋ ಏನೋ. ಆದರೆ ಈ ವರ್ಷ ಫೆಬ್ರವರಿಯ ಮೊದಲ ವಾರ ನಮ್ಮ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ನನ್ನನ್ನು ಕರೆದು, ಕಾಟಿಪಳ್ಳದಲ್ಲಿರುವ ತಮ್ಮ ಇನ್ನೊಂದು ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋಗುತ್ತೀರಾ ಎಂದು ಕೇಳಿದರು. ಜೂನ್‌ನಿಂದ. ತಿಂಗಳ ಕೊನೆಯೊಳಗೆ ಪತ್ರದಲ್ಲಿ ಉತ್ತರ ಬೇಕು. ನಾನು ಹೈಸ್ಕೂಲಿಗೆ ಕನ್ನಡ ಪಾಠ ಮಾಡುವವಳು. ಈಗಿನ ಶಾಲೆ ಮನೆಯಿಂದ ಐದು ನಿಮಿಷದ ನಡಿಗೆ. ಒಲೆಯ ಮೇಲೆ ಪದಾರ್ಥ ಕುದಿಯುತ್ತಿರುವಾಗ ಸೀರೆ ಉಟ್ಟು, ಗ್ಯಾಸ್ ಬಂದ್ ಮಾಡಿ ಓಡಿದರೂ ಬೆಲ್ ಹೊಡೆಯುವ ಮೊದಲು ಮುಟ್ಟುತ್ತೇನೆ. ಕಾಟಿಪಳ್ಳಕ್ಕಾದರೆ ಏಳು ಗಂಟೆಗೆ ಮನೆ ಬಿಡಬೇಕು. ಎರಡು ಬಸ್ಸು, ನಡುವೆ ಕೂಳೂರು ಸೇತುವೆ. ಆ ಸೇತುವೆಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕಾದೀತು ಎಂದು ಯಾರೂ ಹೇಳಲಾರರು.

ನನಗೆ ಆ ಕೆಲಸ ಬೇಕಿತ್ತು. ಅದನ್ನು ಸುತ್ತುಬಳಸಿ ಹೇಳುವುದು ಬೇಡ. ಪಾಠ ಮಾಡಿದ್ದು ಸಾಕು, ಒಂದು ಶಾಲೆಯನ್ನು ನನ್ನ ಕೈಯಲ್ಲಿ ನಡೆಸಿ ನೋಡಬೇಕು ಎಂಬ ಆಸೆ ಬಹಳ ವರ್ಷಗಳಿಂದ ಇತ್ತು.

ಮನೆಯಲ್ಲಿ ಹೇಳಿದಾಗ ಎಲ್ಲರಿಗೂ ಸಂತೋಷ. ಗಂಡ ನನ್ನ ಭುಜ ತಟ್ಟಿದರು. ಅವರದು ನಂತೂರಿನ ಹತ್ತಿರ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಒಂಬತ್ತೂವರೆಗೆ ಹೊರಟರೆ ಸಾಕು.

"ಹೋಗು ಮಾರಾಯ್ತಿ, ಇದರಲ್ಲಿ ಕೇಳ್ಲಿಕ್ಕೆ ಎಂತ ಉಂಟು?" ಎಂದರು. ಎರಡು ನಿಮಿಷ ಬಿಟ್ಟು, "ಆದ್ರೆ ಬೆಳಿಗ್ಗೆ ಪದಾರ್ಥ?" ಎಂದರು.

"ನೀವೆಲ್ಲ ಮಾಡ್ತೀರಿ."

"ಮಾಡುವ. ಮಾಡ್ಲಿಕ್ಕೆ ಎಂತ ದೊಡ್ಡ ವಿಷಯ? ಎಂತ ಮಾಡ್ಬೇಕು ಅಂತ ನೀನು ಹೇಳಿದ್ರೆ ಆಯ್ತು."

ಅಲ್ಲಿಗೆ ನನಗೆ ಪಟ್ಟಿಯ ಯೋಚನೆ ಬಂತು. ವಾರದ ಪದಾರ್ಥವನ್ನೆಲ್ಲ ಭಾನುವಾರವೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಬಿಟ್ಟರೆ ಯಾರೂ ಕೇಳುವ ಹಾಗಿಲ್ಲ, ನಾನು ಹೇಳುವ ಹಾಗಿಲ್ಲ. ಶಾಲೆಯಲ್ಲಿ ಇಪ್ಪತ್ತೆರಡು ಅಧ್ಯಾಪಕರ ವೇಳಾಪಟ್ಟಿ ಮಾಡುವವಳು ನಾನೇ. ಒಬ್ಬರಿಗೆ ಎರಡು ಕಡೆ ಪಾಠ ಬಾರದ ಹಾಗೆ, ಒಂದು ತರಗತಿಯೂ ಖಾಲಿ ಬೀಳದ ಹಾಗೆ. ನಾಲ್ಕು ಜನರ ಊಟ ಯಾವ ಲೆಕ್ಕ ಎಂದುಕೊಂಡೆ.

ಪೆನ್ಸಿಲ್ ಹಿಡಿದು ಕೂತ ಮೇಲೆ ಗೊತ್ತಾಯಿತು. ಅತ್ತೆ ಸೋಮವಾರ ಮೀನು ಮುಟ್ಟುವುದಿಲ್ಲ. ಗಂಡನಿಗೆ ಶನಿವಾರ ಇಲ್ಲ. ಮಗಳು ಹತ್ತನೆಯ ತರಗತಿಯ ಪರೀಕ್ಷೆಗೆ ಮೊದಲು ಗುರುವಾರ ಬಿಟ್ಟವಳು, ಒಳ್ಳೆಯ ಅಂಕ ಬಂದದ್ದರಿಂದ ಈಗ ಪಿಯುಸಿ ಮುಗಿಯುವವರೆಗೆ ಹಿಡಿದುಕೊಂಡಿದ್ದಾಳೆ. ಇದರ ಮೇಲೆ ಸಂಕ್ರಮಣ, ಏಕಾದಶಿ. ಅತ್ತೆ ಸೋಮವಾರ ತಿನ್ನುವುದೂ ಇಲ್ಲ, ಮಾಡುವುದೂ ಇಲ್ಲ. ಗಂಡ ಶನಿವಾರ ತಿನ್ನುವುದಿಲ್ಲ, ಉಳಿದವರು ತಿಂದರೆ ಅಡ್ಡಿಯಿಲ್ಲ. ಮಗಳು ಗುರುವಾರ ತಿನ್ನುವುದಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಬಂಗುಡೆ ಹುರಿದರೆ, "ನನಗೆ ಹೊಟ್ಟೆ ಉರಿಸ್ಲಿಕ್ಕೆ ಬೇಕೆಂತಲೇ ಮಾಡೋದಲ್ವಾ?" ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಹಾಗಂತ ಎರಡು ದಿನ ಒಟ್ಟಿಗೆ ಮೀನಿಲ್ಲದಿದ್ದರೆ ಅವಳಿಗೇ ಅನ್ನ ಇಳಿಯುವುದಿಲ್ಲ.

ನಾಲ್ಕು ಸಲ ಅಳಿಸಿ ಬರೆದೆ. ಕೊನೆಗೆ ಒಂದು ಪಟ್ಟಿಯಾಯಿತು. ಸೋಮವಾರ ಸೌತೆಕಾಯಿ ಹುಳಿ, ಅಲಸಂಡೆ ಪಲ್ಯ. ಮಂಗಳವಾರ ಬಂಗುಡೆ. ಬುಧವಾರ ಬಸಳೆ. ಹೀಗೆ ಭಾನುವಾರದ ಕೋಳಿಯವರೆಗೆ. ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು ಅಂಟಿಸಿದೆ. ಪರೀಕ್ಷೆಗೆಂದು ಒಂದು ನಿಯಮವನ್ನೂ ಮಾಡಿದೆ. "ಈ ತಿಂಗಳು ನಾನು ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗೆ ಮನೆಯಲ್ಲಿಲ್ಲ ಅಂತ ತಿಳ್ಕೊಳ್ಳಿ. ಕಾಟಿಪಳ್ಳದ ಬಸ್ಸಲ್ಲಿ ಇದ್ದೇನೆ ಅಂತ ತಿಳ್ಕೊಳ್ಳಿ. ನಾನು ಕೋಣೆಯಲ್ಲಿ ಬಾಗಿಲು ಹಾಕಿ ಕೂತು ನೋಟ್ಸ್ ತಿದ್ದುತ್ತೇನೆ."

ಮೊದಲ ದಿನ ಏಳೂ ಕಾಲಕ್ಕೆ ಬಾಗಿಲು ಬಡಿದ ಸದ್ದು.

"ಅಮ್ಮ, ನೀನು ಇಲ್ಲ ಅಂತ ಗೊತ್ತುಂಟು," ಎಂದಳು ಮಗಳು. "ಆದ್ರೆ ಮೆಂತೆ ಎಲ್ಲಿ ಉಂಟು?"

ಹತ್ತು ನಿಮಿಷ ಬಿಟ್ಟು ಗಂಡ. "ಇಲ್ನೋಡು, ನಾನು ಬಸ್ಸಿಗೆ ಫೋನ್ ಮಾಡಿದ್ದು ಅಂತ ಇಟ್ಕೊ. ಪಟ್ಟಿಯಲ್ಲಿ ಅಲಸಂಡೆ ಪಲ್ಯ ಅಂತ ಉಂಟು. ಅಲಸಂಡೆ ಸ್ವಲ್ಪವೇ ಉಂಟು. ಅದಕ್ಕೆ ಬಟಾಟೆ ಹಾಕುವುದಾ?"

"ಹಾಕಿ."

"ಎಷ್ಟು?"

"ನಿಮಗೆ ಬೇಕಾದಷ್ಟು."

"ಹಾಗೆ ಹೇಳಿದ್ರೆ ಹೇಗೆ? ಒಂದಾ, ಎರಡಾ?"

ಬುಧವಾರ ಬಸಳೆ ಸಿಗಲಿಲ್ಲ. ತರಕಾರಿ ಅಂಗಡಿಯಿಂದಲೇ ಗಂಡನ ಫೋನ್ ಬಂತು, ನಾನು ಒಂಬತ್ತನೆಯ ತರಗತಿಯಲ್ಲಿ ಪದ್ಯ ಓದಿಸುತ್ತಿದ್ದಾಗ. "ಹರಿವೆ ಉಂಟು. ಆದ್ರೆ ಪಟ್ಟಿಯಲ್ಲಿ ಬಸಳೆ ಅಂತ ಉಂಟಲ್ಲ?" ನನಗೆ ಸಿಟ್ಟು ನೆತ್ತಿಗೇರಿತು. ಹಿಂದೆ ಒಂದೇ ಪ್ರಶ್ನೆಯಿತ್ತು. ಪಟ್ಟಿ ಬಂದ ಮೇಲೆ ಆ ಒಂದು ಹತ್ತಾಯಿತು. ಬಸಳೆ ಇಲ್ಲದಿದ್ದರೆ ಹರಿವೆ ತರಬಹುದು ಎಂದು ಯೋಚಿಸಲು ಎಂತ ಡಿಗ್ರಿ ಬೇಕು? ಟ್ಯೂಬ್‌ಲೈಟಿನ ಒಂದು ಕಂಪೆನಿಯ ಮಾಲು ಇಲ್ಲದಿದ್ದರೆ ಗಿರಾಕಿಗೆ ಇನ್ನೊಂದು ಕಂಪೆನಿಯದನ್ನು ತೋರಿಸಿ ಮಾರುವ ಮನುಷ್ಯ ಇವರೇ ಅಲ್ಲವೇ?

ಅತ್ತೆಯೊಬ್ಬರೇ ಏನೂ ಕೇಳಲಿಲ್ಲ. ಅವರನ್ನು ನಾನು ತುಳುವಿನ ಕ್ರಮದಂತೆ ಮಾಮಿ ಎಂದು ಕರೆಯುವುದು. ಎಪ್ಪತ್ತಮೂರು ವರ್ಷ, ಮೊಣಕಾಲು ನೋವು, ಕನ್ನಡಕವನ್ನು ಮೂಗಿನ ತುದಿಗಿಳಿಸಿ ದಿನಕ್ಕೊಮ್ಮೆ ಪಟ್ಟಿಯ ಎದುರು ನಿಂತು ಓದುತ್ತಿದ್ದರು, ಗೋಡೆಗೆ ಹಚ್ಚಿದ ಯಾರದೋ ಉತ್ತರಕ್ರಿಯೆಯ ನೋಟೀಸು ಓದಿದ ಹಾಗೆ. ಓದಿ, "ಹೂಂ" ಎಂದು ಹೋಗುತ್ತಿದ್ದರು. ಆ "ಹೂಂ" ನನಗೆ ಇಷ್ಟವಾಗಲಿಲ್ಲ.

ಎರಡನೆಯ ವಾರ ನಾನು ಇನ್ನೂ ಬುದ್ಧಿವಂತಳಾದೆ. ಮಂಗಳವಾರ ಬೆಳಿಗ್ಗೆ ಮೀನು ತಂದು, ಶುಚಿ ಮಾಡಿ, ಮಸಾಲೆ ಅರೆದು ಮಾಡುವುದು ಇವರಿಂದಾಗದು. ಹಾಗಾಗಿ ಭಾನುವಾರ ಬೆಳಿಗ್ಗೆ ನಾನೇ ಪೇಟೆಗೆ ಹೋಗಿ ಒಳ್ಳೆಯ ಬಂಗುಡೆ ತಂದೆ. ಕುಯಿದು, ತೊಳೆದು, ಮೆಣಸು ಹುಳಿ ಅರೆದ ಮಸಾಲೆ ಹಚ್ಚಿ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಸಿ ಫ್ರಿಜ್ಜಿನ ಮಧ್ಯದ ಹಂತದಲ್ಲಿಟ್ಟೆ. ಮಂಗಳವಾರ ತೆಗೆದು ಕಾವಲಿಗೆ ಹಾಕಿದರಾಯಿತು. ಸೋಮವಾರಕ್ಕೆ ಬೇಕಾದ ತೊಂಡೆಕಾಯಿಯನ್ನು ಹೆಚ್ಚಿಟ್ಟೆ, ಕಾಯಿ ತುರಿದಿಟ್ಟೆ, ಹೆಸರುಕಾಳು ನೆನೆಸಿ ಮೊಳಕೆ ಬಂದದ್ದನ್ನೂ ಒಳಗಿಟ್ಟೆ. ಒಂದು ವಾರದ ಅರ್ಧ ಕೆಲಸ ಫ್ರಿಜ್ಜಿನೊಳಗೆ ಸಾಲಾಗಿ ಕೂತಿತ್ತು. ಬಾಗಿಲು ತೆರೆದು ಎರಡು ಮೂರು ಸಲ ಸುಮ್ಮನೆ ನೋಡಿದೆ. ಮುಖ್ಯೋಪಾಧ್ಯಾಯಿನಿ ಎಂದರೆ ಹೀಗಿರಬೇಕು ಎಂದುಕೊಂಡೆ.

ಸೋಮವಾರ ಏಳರ ನಂತರ ಯಾರೂ ನನ್ನ ಬಾಗಿಲು ಬಡಿಯಲಿಲ್ಲ. ಅಡುಗೆಮನೆಯಿಂದ ಸದ್ದೂ ಇಲ್ಲ. ಪಟ್ಟಿ ಕೊನೆಗೂ ಕೆಲಸ ಮಾಡಿತು ಎಂದು ನಾನು ಹಿಗ್ಗಿನಲ್ಲಿ ನೋಟ್ಸ್ ತಿದ್ದಿದೆ. ಅಡುಗೆಮನೆಗೆ ಇಣುಕದೆಯೇ ಶಾಲೆಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದರೆ ಮೇಜಿನ ಮೇಲೆ ಕುಚ್ಚಲಕ್ಕಿ ಗಂಜಿ ಮತ್ತು ಮಾವಿನ ಮಿಡಿ ಉಪ್ಪಿನಕಾಯಿ. ಬೇರೇನೂ ಇಲ್ಲ. ಆ ದಿನ ಸಾಮಾನಿನ ಲಾರಿ ಬರುವುದು ಸಂಜೆಯೆಂದು ಗಂಡನೂ ಊಟಕ್ಕೆ ಬಂದಿದ್ದರು. ಗಂಜಿಯ ಬಟ್ಟಲನ್ನು ಮುಂದಿಟ್ಟುಕೊಂಡು ನನ್ನನ್ನೇ ನೋಡಿದರು. ಮಗಳು ಬಾಳೆಕಾಯಿ ಚಿಪ್ಸಿನ ಪ್ಯಾಕೆಟ್ ಒಡೆದಿದ್ದಳು.

"ತೊಂಡೆಕಾಯಿ ಹೆಚ್ಚಿಟ್ಟಿದ್ದೆನಲ್ಲ? ಕಾಳು ಇತ್ತಲ್ಲ?" ಎಂದೆ.

"ಫ್ರಿಜ್ಜಿನಲ್ಲಿ ಉಂಟು," ಎಂದರು ಅತ್ತೆ.

"ಹೌದು. ತೆಗೆದು ಮಾಡಿದ್ರೆ ಆಯ್ತಲ್ಲ ಮಾಮಿ?"

"ಹೇಗೆ ತೆಗೆಯುವುದು? ನಾನು ಮಿಂದು ದೀಪ ಇಟ್ಟಾಗಿತ್ತು. ಮೀನಿನ ಡಬ್ಬಿ ನಡುವಿನಲ್ಲಿ ಕೂತಿದೆ, ಅದರ ಅಡಿಯಲ್ಲಿ ತೊಂಡೆಕಾಯಿ, ಮಗ್ಗುಲಲ್ಲಿ ದೇವರ ಹಾಲು. ನಾನು ಆ ಬಾಗಿಲು ಮುಟ್ಟಲಿಲ್ಲ. ಚಾ ಕೂಡ ಹಾಲಿಲ್ಲದ್ದೇ ಕುಡಿದೆ."

"ಇವರ ಹತ್ತಿರ ಹೇಳಿದ್ರೆ ತೆಗೆದುಕೊಡ್ತಿರಲಿಲ್ವಾ?"

"ಅವನ ಹತ್ತಿರ ಹೇಳಿದೆ. ಅವ ಪಟ್ಟಿ ನೋಡಿದ. ಪಟ್ಟಿಯಲ್ಲಿ ಸೋಮವಾರ ಮೀನು ಇಲ್ಲ, ಹಾಗಾದ್ರೆ ಫ್ರಿಜ್ಜಿನಲ್ಲೂ ಇರ್ಲಿಕ್ಕಿಲ್ಲ ಅಂತ ಹೇಳಿದ."

ಗಂಡ ಗಂಜಿಯೊಳಗೆ ಉಪ್ಪು ಕಲಸುತ್ತಾ ತಲೆ ತಗ್ಗಿಸಿದರು. ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

"ಮಾಮಿ, ಇಷ್ಟು ವರ್ಷ ಭಾನುವಾರ ಮೀನು ತಂದಿಲ್ವಾ ನಾವು? ಆಗ ಎಂತ ಮಾಡ್ತಿದ್ರಿ?"

"ಭಾನುವಾರದ್ದು ಭಾನುವಾರವೇ ಮುಗೀತಿತ್ತು. ನೀನು ಸಂಜೆ ಪೇಪರ್ ತಿದ್ದಲಿಕ್ಕೆ ಕೂತುಕೊಳ್ಳುವಾಗ ನಾನು ಉಳಿದ ತುಂಡನ್ನು ಕೆಳಗಿನ ವಾಚ್‌ಮನ್ನಿಗೆ ಕೊಟ್ಟು, ಫ್ರಿಜ್ಜನ್ನು ಒರೆಸಿ, ಹಂತದ ಮೇಲೆ ಹೊಸ ಪೇಪರ್ ಹಾಸಿ ಮಲಗುವುದು. ನಿನಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಸೋಮವಾರ ಬೆಳಿಗ್ಗೆ ಹೊಸ ಪೇಪರ್ ಹಾಸಿದ ಹಂತದಿಂದ ಹಾಲು ತೆಗೆದಿದ್ದೇನೆ. ಪೇಪರ್ ತಾನಾಗಿಯೇ ಹೊಸತಾಗುತ್ತದೆ ಎಂದು ತಿಳಿದಿದ್ದೆನೋ ಏನೋ.

ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ನನ್ನ ತಲೆಯಲ್ಲಿ ತಿಂಗಳ ಕೊನೆ ಕೂತಿತ್ತು. "ಹಾಗಾದ್ರೆ ಮೊದಲೇ ಹೇಳ್ಬಾರ್ದಿತ್ತಾ? ದಿನಾ ಪಟ್ಟಿ ಓದಿ ಹೂಂ ಅಂತ ಹೋಗ್ತೀರಿ!"

ಅತ್ತೆ ಬಟ್ಟಲನ್ನು ದೂರ ಸರಿಸಿದರು. "ನನ್ನ ಹತ್ತಿರ ನೀನು ಎಂತ ಕೇಳಿದ್ದು? ಮೀನು ಯಾವತ್ತು ತಿನ್ನುವುದಿಲ್ಲ ಅಂತ ಕೇಳಿದೆ. ಹೇಳಿದೆ. ಮನೆ ಹೇಗೆ ನಡೀತದೆ ಅಂತ ಕೇಳಿದ್ಯಾ? ಬರೆದು ಅಂಟಿಸಿದೆ. ಅಂಟಿಸಿದ ಮೇಲೆ ನಾನು ಎಂತ ಹೇಳುವುದು? ಶಾಲೆಯಲ್ಲಿ ಮಕ್ಕಳು ಹೇಳ್ತಾರಾ, ಟೈಂ ಟೇಬಲ್ ಸರಿ ಇಲ್ಲ ಟೀಚರ್ ಅಂತ?"

ಗಂಡ ಸಮಾಧಾನಪಡಿಸುವ ಧ್ವನಿಯಲ್ಲಿ, "ಹಾಗಾದ್ರೆ ಒಳ್ಳೆಯದೇ ಆಯ್ತು. ಅಮ್ಮನಿಗೆ ಎಲ್ಲ ಗೊತ್ತುಂಟು. ಅಮ್ಮನೇ ನೋಡಿಕೊಳ್ಳಲಿ, ನೀನು ಆರಾಮಾಗಿ ಹೋಗು," ಎಂದರು.

"ನನ್ನ ಮೊಣಕಾಲನ್ನು ಕೇಳಿದ್ಯಾ ನೀನು?" ಎಂದರು ಅತ್ತೆ, ಈಗ ಮಗನ ಕಡೆ ತಿರುಗಿ. "ಅವಳು ಕೆಲಸಕ್ಕೆ ಹೋಗಲಿ ಅಂತ ಹೇಳುವವ ನೀನು, ಪದಾರ್ಥ ಅಮ್ಮ ಮಾಡಲಿ ಅಂತ ಹೇಳುವವನೂ ನೀನು. ನಿನ್ನ ಪಾಲಿಗೆ ಎಂತ, ಬರೇ ಹೇಳುವುದಾ?"

ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನನಗೆ ಖುಷಿಯಾಯಿತು. ಅದು ಬಹಳ ಹೊತ್ತು ನಿಲ್ಲಲಿಲ್ಲ. ಅವರನ್ನು ಕೇಳದೆ ಪಟ್ಟಿ ಮಾಡಿದವಳು ನಾನೇ.

ಸಂಜೆ ಮಗಳು ಪಟ್ಟಿಯನ್ನು ಹರಿದು ಹೊಸತೊಂದನ್ನು ಬರೆದಳು. ಅದರಲ್ಲಿ ಬಂಗುಡೆಯೂ ಇಲ್ಲ, ಬಸಳೆಯೂ ಇಲ್ಲ. ವಾರದ ಎದುರು ಮನುಷ್ಯರ ಹೆಸರು ಮಾತ್ರ. ಯಾರಿಗೆ ಯಾವ ದಿನ ಮೀನಿಲ್ಲವೋ ಆ ದಿನ ಅವರದು. ಸೋಮವಾರ ಅಜ್ಜಿ, ಗುರುವಾರ ತಾನು, ಶನಿವಾರ ಅಪ್ಪ. ಮಂಗಳವಾರ, ಶುಕ್ರವಾರವೂ ಅಪ್ಪನಿಗೇ. ಬುಧವಾರ ಅವಳು ಮತ್ತು ಅಜ್ಜಿ. ಭಾನುವಾರ ನಾನು. ಹೆಸರಿದ್ದವರು ಏನು ಬೇಕಾದರೂ ಮಾಡಬಹುದು, ಇನ್ನೊಬ್ಬರನ್ನು ಕೇಳುವ ಹಾಗಿಲ್ಲ, ಉಳಿದವರು ತಿಂದು ಏಳಬೇಕು. ಅಡಿಯಲ್ಲಿ ಅತ್ತೆ ಒಂದು ಸಾಲು ಸೇರಿಸಿ ಬರೆಸಿದರು: ಭಾನುವಾರ ಸಂಜೆಯೊಳಗೆ ಫ್ರಿಜ್ಜಿನಿಂದ ಮೀನು ಖಾಲಿ, ಒರೆಸುವುದು ಮಗನ ಕೆಲಸ.

ಇದರಿಂದ ಎಲ್ಲ ಸರಿಯಾಯಿತು ಎಂದು ಬರೆಯಲು ನನಗೂ ಆಸೆ. ಮೂರನೆಯ ವಾರ ಮಂಗಳವಾರ ತೊವ್ವೆ, ಗುರುವಾರ ತೊವ್ವೆ, ಶುಕ್ರವಾರ ತೊವ್ವೆಗೆ ಬಟಾಟೆ. ಬುಧವಾರ ಅಜ್ಜಿ ಮೊಮ್ಮಗಳು ಸೇರಿ ಮಾಡಿದ ಬಸಳೆ ಚೆನ್ನಾಗಿತ್ತು, ಆದರೆ ಅಡುಗೆಮನೆಯಲ್ಲಿ ಅವರಿಬ್ಬರ ಜಗಳ ಲಿಫ್ಟಿನವರೆಗೆ ಕೇಳುತ್ತಿತ್ತು. ಶನಿವಾರ ಗಂಡ ಇಂಟರ್ನೆಟ್ ನೋಡಿ ಪನೀರಿನದೇನೋ ಮಾಡಿದರು. ಅದಕ್ಕೆ ಹನ್ನೊಂದು ಪಾತ್ರೆ ಬೇಕಾದವು. ತೊಳೆಯುವುದು ಯಾರೆಂದು ಮಗಳ ಪಟ್ಟಿಯಲ್ಲಿ ಇರಲಿಲ್ಲ. ನಾನು ತೊಳೆದೆ, ಒಂದೊಂದನ್ನೂ ಸದ್ದು ಮಾಡಿ ಕವುಚಿ ಹಾಕುತ್ತಾ.

ತಿಂಗಳ ಕೊನೆಯ ಶುಕ್ರವಾರ ಬಂತು. ಪತ್ರ ಕೊಡಬೇಕಾದ ದಿನ. ಮಧ್ಯಾಹ್ನ ಗಂಡ ಮಾಡಿಟ್ಟಿದ್ದ ಬೂತಾಯಿ ಪುಳಿಮುಂಚಿ ಬಡಿಸಿಕೊಂಡೆ. ಹುಳಿ ಜಾಸ್ತಿಯಾಗಿ ಹಲ್ಲು ಚುಳ್ಳೆಂದಿತು. ಮೀನಿನ ಹೊಟ್ಟೆ ಸರಿಯಾಗಿ ತೆಗೆದಿರಲಿಲ್ಲ, ಕಹಿ. ಅತ್ತೆಯೂ ಎದುರಿಗೆ ಕೂತು ಉಣ್ಣುತ್ತಿದ್ದರು, ಕಹಿ ತುಂಡನ್ನು ಬಟ್ಟಲಿನ ಅಂಚಿಗೆ ಸರಿಸುತ್ತಾ.

"ಪತ್ರ ಕೊಟ್ಟಾಯ್ತಾ?" ಎಂದು ಕೇಳಿದರು.

"ಇಲ್ಲ ಮಾಮಿ. ಇಲ್ಲಿ ಒಂದೂ ಸರಿಯಾಗಲಿಲ್ಲವಲ್ಲ. ಇದು ನೋಡಿ, ತಿನ್ಲಿಕ್ಕೆ ಆಗ್ತದಾ?"

"ಆಗುವುದಿಲ್ಲ," ಎಂದರು. "ಆದ್ರೆ ನಾನು ಮದುವೆಯಾಗಿ ಬಂದು ಐವತ್ತು ವರ್ಷ ಆಯ್ತು. ನಿನ್ನ ಮಾವ ಬದುಕಿದ್ದಷ್ಟು ಕಾಲ ಒಂದು ದಿನ ಪದಾರ್ಥ ಸರಿ ಉಂಟು ಅಂತ ಹೇಳಿ ಎದ್ದದ್ದು ನನಗೆ ನೆನಪಿಲ್ಲ. ಉಪ್ಪು ಕಡಿಮೆ, ಇಲ್ಲದಿದ್ದರೆ ಹೆಚ್ಚು. ಸರಿಯಾಗಲಿ ಅಂತ ಕಾದರೆ ನೀನು ರಿಟಾಯರ್ ಆಗ್ತೀ, ಮಾರಾಯ್ತಿ. ಈಗ ಅವನಿಗೆ ಹೊಟ್ಟೆ ತೆಗೀಲಿಕ್ಕೆ ನಾನು ಕಲಿಸ್ತೇನೆ. ಕೂತುಕೊಂಡು ಕಲಿಸ್ಲಿಕ್ಕೆ ಮೊಣಕಾಲು ಬೇಡ."

ಕೈ ತೊಳೆದು ಅಲ್ಲೇ ಊಟದ ಮೇಜಿನ ಮೇಲೆ ಪತ್ರ ಬರೆದೆ. ಕಾರ್ಯದರ್ಶಿಗಳು ಅದನ್ನು ಓದಿ, "ಮನೆಯಲ್ಲೆಲ್ಲ ಅನುಕೂಲ ಉಂಟಲ್ಲ ಟೀಚರ್?" ಎಂದು ಕೇಳಿದರು. ಇಲ್ಲ ಎಂದೆ. ಅವರು ನಕ್ಕರು, ನಾನು ತಮಾಷೆ ಮಾಡಿದೆ ಎಂದುಕೊಂಡಿರಬೇಕು.

ಈಗ ಕಾಟಿಪಳ್ಳದ ಶಾಲೆಯಲ್ಲಿ ನನ್ನ ಮೂರನೆಯ ತಿಂಗಳು. ಅಲ್ಲಿ ಬಿಸಿಯೂಟದ ತರಕಾರಿ ಬಾರದ ದಿನ ಅಡುಗೆಯವರು ನೇರವಾಗಿ ನನ್ನ ಕೋಣೆಗೆ ಬಂದು ನಿಲ್ಲುತ್ತಾರೆ. ಅದನ್ನು ಕೆಲಸ ಒಪ್ಪಿಕೊಳ್ಳುವಾಗ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ತೊವ್ವೆಯ ಪಾಲು ಕಡಿಮೆಯಾಗಿದೆ. ಗಂಡ ಬಂಗುಡೆಯನ್ನು ಚೆನ್ನಾಗಿ ಕುಯ್ಯುತ್ತಾರೆ, ಆದರೆ ಸಿಂಕಿನಲ್ಲಿ ಉಳಿದದ್ದು ಅವರ ಕಣ್ಣಿಗೆ ಈಗಲೂ ಬೀಳುವುದಿಲ್ಲ. ಭಾನುವಾರ ಫ್ರಿಜ್ಜು ಒರೆಸಲು ನಾಲ್ಕು ಸಲ ನೆನಪಿಸಬೇಕು. ನೆನಪಿಸುವವಳು ನಾನು. ಒರೆಸುವ ಕೆಲಸಕ್ಕಿಂತ ನೆನಪಿಸುವ ಕೆಲಸವೇ ದೊಡ್ಡದು ಎಂದು ಅವರಿಗೆ ಹೇಗೆ ತಿಳಿಸುವುದೋ ನನಗೆ ಇನ್ನೂ ಗೊತ್ತಾಗಿಲ್ಲ.

ಮೊನ್ನೆ ಗುರುವಾರ ಬಸ್ಸು ಕೂಳೂರು ಸೇತುವೆಯ ಈಚೆ ಕಾಲು ಗಂಟೆ ನಿಂತಿತು. ಕಿಟಕಿಯ ಹತ್ತಿರ ಕೂತವಳು ಶಾಲೆಯ ಪೋಷಕರ ಸಭೆಯ ಬಗ್ಗೆ ಯೋಚಿಸಬೇಕಿತ್ತು. ಬದಲಿಗೆ ಮನಸ್ಸಿನಲ್ಲಿ ಅಲಸಂಡೆ ತಂದು ನಾಲ್ಕು ದಿನವಾಯಿತು, ಬಾಡಿರಬಹುದು, ಇವತ್ತು ಮಾಡದಿದ್ದರೆ ಎಸೆಯಬೇಕು, ಅರ್ಧ ತೆಂಗಿನಕಾಯಿಯೂ ಉಂಟು ಎಂದು ಓಡುತ್ತಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ. ತಡೆಯಲಾಗದೆ ಮನೆಗೆ ಫೋನ್ ಮಾಡಿದೆ. ಮಗಳು ಎತ್ತಿದಳು.

"ಆ ಅಲಸಂಡೆಯನ್ನು ಇವತ್ತೇ..." ಎಂದೆ.

"ಅಮ್ಮ, ಅಲಸಂಡೆ ಮಂಗಳವಾರವೇ ಮುಗೀತು. ಇವತ್ತು ನನ್ನ ದಿನ. ಫೋನ್ ಇಡು, ಒಗ್ಗರಣೆ ಕರಟಿ ಹೋಗ್ತದೆ."

ಮಂಗಳವಾರ ನಾನೂ ಅದನ್ನು ತಿಂದಿದ್ದೆನಂತೆ. ಸುರತ್ಕಲ್‌ವರೆಗೂ ನನಗೆ ನನ್ನ ಮೇಲೆಯೇ ಬಂದ ಸಿಟ್ಟು ಇಳಿಯಲಿಲ್ಲ.